ಬಲಕ್ಕಿಂತ ಮೊದಲು ಬ್ರೇಕು

ದಿನವೂ ದುಡಿಯುವ ಹಳೆಯ ಬೊಲೆರೋ, ಸ್ಕಾರ್ಪಿಯೋಗಳ ಬಲವನ್ನು ಹೆಚ್ಚಿಸಿ, ಹಿಂದೆ ಟ್ರೇಲರು ಕಟ್ಟಿ ಎಳೆಸಬೇಕೆಂಬ ಹಂಬಲ ಅಸಹಜವಾದುದಲ್ಲ. ಮದುವೆಮನೆಗಳಿಗೆ ಪಾತ್ರೆಪಡಗ ಸಾಗಿಸುವ ನಮ್ಮ ಹೋಟೆಲಿನವರಿಗೆ ಹೊಸ ಗಾಡಿ ಕೊಳ್ಳುವುದು ಸುಲಭವೇ?

ಆದರೆ ಇಂಜಿನ್ನಿಗೆ ಹೆಚ್ಚು ಗಾಳಿ, ಹೆಚ್ಚು ಡೀಸೆಲ್ ಉಣಿಸಿದಾಗ ಬಲದೊಡನೆ ಕಾವೂ ಏರುತ್ತದೆ. ಆ ಹೊರೆಯನ್ನು ಸವೆದ ಕ್ಲಚ್ಚು, ಕಟ್ಟಿಕೊಂಡ ರೇಡಿಯೇಟರು, ಹಳೆಯ ಗೇರುಪೆಟ್ಟಿಗೆಗಳೇ ಹೊರಬೇಕು. ಖಂಡಾಲಾ ಘಾಟಿಯನ್ನು ಏರಿಸುವುದು ಇಂಜಿನ್ನಿನ ಬಲವಾದರೂ, ಭಾರದೊಡನೆ ಕ್ಷೇಮವಾಗಿ ಇಳಿಸುವುದು ಕೆಳಗಿನ ಗೇರು ಮತ್ತು ಬ್ರೇಕು. ವೇಗ ಇಮ್ಮಡಿಯಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ.

ಕಾನೂನನ್ನೂ ಮರೆಯಲಾಗದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ ಮೂಲ ವಿವರಗಳು ಬದಲಾಗುವಂಥ ಮಾರ್ಪಾಟನ್ನು ನಿಷೇಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ.

ಆದುದರಿಂದ ಬಲವರ್ಧನೆಗೆಂದು ತೆಗೆದಿಟ್ಟ ಹಣವನ್ನು ಮೊದಲು ಬ್ರೇಕು, ಟಯರು, ರೇಡಿಯೇಟರುಗಳ ದುರಸ್ತಿಗೆ ವಿನಿಯೋಗಿಸುವುದು ವಿವೇಕ. ಭಾರ ಮಿತಿಮೀರಿದರೆ ಬಾಡಿಗೆಯ ಟೆಂಪೋ ದೊರೆಯುತ್ತದೆ. ಗಾಡಿಯಲ್ಲಿ ಜೊತೆಗೆ ಬರುವ ಕೆಲಸದ ಹುಡುಗರ ಜೀವವನ್ನು ಲೆಕ್ಕಕ್ಕೆ ಹಿಡಿಯದ ಉಳಿತಾಯ ಉಳಿತಾಯವೆನಿಸದು.