ತೆರೆಯದ ಜಾಲತಾಣವೂ ಬ್ರೌಸರಿನ ಆಯ್ಕೆಯೂ

ಕಳೆದ ತಿಂಗಳ ಒಂದು ಸಾಯಂಕಾಲ, ನಂದಿಬೆಟ್ಟದ ಕಡೆಯಿಂದ ಮೋಡವು ಕವಿದು ದೀಪ ಹಚ್ಚುವ ಹೊತ್ತಿಗೆ ಮುಂಚೆಯೇ ಕತ್ತಲಾಗಿದ್ದಾಗ, ಶಿಡ್ಲಘಟ್ಟದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಣ್ಣನೊಡನೆ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಳು. ಅವಳ ತಂದೆಯು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕಸುಬಿನವನು. ಹುಡುಗಿಯು ಈಗ ಪದವಿಯ ಮೊದಲನೆಯ ವರ್ಷದಲ್ಲಿದ್ದಾಳೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಜಾಲತಾಣದ ಮೂಲಕವೇ ಸಲ್ಲಿಸತಕ್ಕದ್ದೆಂದು ನಿಯಮ. ಮರುದಿನವೇ ಕಡೆಯ ದಿನ. ಅರ್ಜಿಯನ್ನೆಲ್ಲ ತುಂಬಿ ‘ಸಲ್ಲಿಸು’ ಎಂಬ ಗುಂಡಿಯನ್ನು ಒತ್ತಿದರೆ ಏನೂ ಆಗದು. ತಪ್ಪಾಯಿತೆಂದೂ ಹೇಳದು, ಒಪ್ಪಾಯಿತೆಂದೂ ಹೇಳದು. ಅವಳು ಮೂರು ದಿವಸ ಮೊಬೈಲಿನಲ್ಲಿ ಪ್ರಯತ್ನಿಸಿ ಸೋತು ಬಂದಿದ್ದಳು.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಕ್ರೋಮ್ ಎಂಬ ಬ್ರೌಸರನ್ನು ತೆರೆದು ಮೊದಲಿನಿಂದ ತುಂಬಿಸಿದೆವು. ಫಲ ಅದೇ. ಹುಡುಗಿಯು ತಲೆ ತಗ್ಗಿಸಿ, “ನಂಗೇ ಬರಲ್ಲ ಮೇಷ್ಟ್ರೇ, ನಾನೇ ಎಲ್ಲೋ ತಪ್ಪು ಮಾಡಿದೀನಿ” ಎಂದಳು. ಬಾಗಿಲ ಬಳಿ ನಿಂತಿದ್ದ ಅಣ್ಣನು, “ನಂದೂ ಹೋದ ವರ್ಷ ಹಿಂಗೇ ಆಯ್ತು ಸಾರ್, ಬಿಟ್ಬಿಟ್ಟೆ” ಎಂದನು. ಆ ಮಾತಿನ ತೂಕವು ಆಗ ನನಗೆ ತಿಳಿಯಲಿಲ್ಲ.

ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದವನಿಗೆ ಒಂದು ಗೊತ್ತುಂಟು. ಪಾಠವು ಮಕ್ಕಳಿಗೆ ಅರ್ಥವಾಗದಿದ್ದರೆ ದೋಷವು ಕೆಲವು ವೇಳೆ ಮಕ್ಕಳದು, ಅನೇಕ ವೇಳೆ ಮೇಷ್ಟರದು, ಒಮ್ಮೊಮ್ಮೆ ಅಚ್ಚಿನ ತಪ್ಪಿರುವ ಪುಸ್ತಕದ್ದು. ಜಾಲತಾಣದ ವಿಷಯದಲ್ಲಿ ಮಾತ್ರ ನಮ್ಮ ಗೃಹಸ್ಥರು ಎಲ್ಲ ದೋಷವನ್ನೂ ತಮ್ಮ ತಲೆಯ ಮೇಲೆಯೇ ಹೊತ್ತುಕೊಳ್ಳುತ್ತಾರೆ. ಪಹಣಿ, ನೋಂದಣಿ, ಪಿಂಚಣಿ, ಪರೀಕ್ಷೆಯ ಶುಲ್ಕ, ಎಲ್ಲವೂ ಈ ಕಿಟಕಿಯ ಮೂಲಕವೇ ನಡೆಯತಕ್ಕ ಕಾಲವಿದು. ‘ಭೂಮಿ’ ಯೋಜನೆಯೊಂದರಿಂದಲೇ ಈ ಶತಮಾನದ ಆದಿಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕವನ್ನೇರಿದುವು. ಆದಕಾರಣ ಈ ತಿಂಗಳು ಬ್ರೌಸರಿನ ವಿಚಾರವನ್ನೇ ಬರೆಯುವೆನು.

ಆಂಗ್ಲಭಾಷೆಯಲ್ಲಿ ಆ ಶಬ್ದದ ಮೂಲಾರ್ಥವು ಆಡು ಮೊದಲಾದವು ಚಿಗುರನ್ನು ಮೇಯುವುದೆಂದು. ಆಡು ಮುಟ್ಟದ ಸೊಪ್ಪಿಲ್ಲವೆಂಬ ನಮ್ಮ ಗಾದೆಯಂತೆ, ಯಾವ ತಾಣವನ್ನಾದರೂ ಮೇಯಬಲ್ಲುದೇ ಬ್ರೌಸರ್ ಎಂಬುದು ಹೆಸರಿಟ್ಟವರ ಆಶಯವಾಗಿದ್ದಿತು. ಅನುಭವದಲ್ಲಿ ಅದು ಹಲವೊಮ್ಮೆ ನಮ್ಮ ಸೀಮೆಯ ರೇಷ್ಮೆಹುಳುವಿನಂತೆ, ಹಿಪ್ಪುನೇರಳೆಯನ್ನಲ್ಲದೆ ಬೇರೊಂದನ್ನು ಮೂಸಿಯೂ ನೋಡದು.

ಕಾರಣವನ್ನು ನನಗೆ ಪರಿಚಿತವಾದ ರೀತಿಯಲ್ಲಿ ಹೇಳುವೆನು. ಜಾಲತಾಣದ ಪುಟವೆಂಬುದು ಚಿತ್ರವಲ್ಲ, ಸೂತ್ರ. ‘ಇದು ಶಿರೋನಾಮೆ, ಇದು ಖಾಲಿ ಮನೆ, ಇದು ಗುಂಡಿ, ಇದನ್ನು ಒತ್ತಿದರೆ ಹೀಗೆ ಮಾಡು’ ಎಂಬ ಸಂಕ್ಷಿಪ್ತ ವಿಧಿಗಳು ದೂರದ ಗಣಕದಿಂದ ಬರುತ್ತವೆ. ಅವುಗಳಿಗೆ ಅರ್ಥ ಹೇಳಿ ನಮ್ಮ ಕಣ್ಣಿಗೆ ತೋರಿಸುವ ವ್ಯಾಖ್ಯಾನಕಾರನೇ ಬ್ರೌಸರ್. ಪಾಣಿನಿಯ ಸೂತ್ರ ಒಂದೇ ಆದರೂ ವೃತ್ತಿಕಾರರು ಹಲವರು. ಅವರಲ್ಲಿ ಭಿನ್ನಾಭಿಪ್ರಾಯಗಳೂ ಉಂಟಷ್ಟೆ. ಟಿಮ್ ಬರ್ನರ್ಸ್-ಲೀ ಎಂಬ ಮಹನೀಯರು 1990ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿ ಮೊದಲನೆಯ ಬ್ರೌಸರನ್ನು ರಚಿಸಿದರು. ನಾಲ್ಕು ವರ್ಷಗಳ ತರುವಾಯ, ವ್ಯಾಖ್ಯಾನಗಳು ದಿಕ್ಕಿಗೊಂದಾಗಿ ಚದರದಿರಲೆಂದು, ಸೂತ್ರಗಳ ನಿಯಮವನ್ನು ನಿಶ್ಚಯಿಸುವ ಒಂದು ಸಂಘವನ್ನೂ ಅವರೇ ಸ್ಥಾಪಿಸಿದರು. ನಿಯಮವು ಬಂದಿತು, ಪಾಲನೆಯು ಬರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್, 1995ರಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಹೊರಟು, ಒಬ್ಬರು ಹೇಳಿದ ಅರ್ಥವನ್ನು ಇನ್ನೊಬ್ಬರು ಒಪ್ಪದಂತಾಯಿತು.

ಕನ್ನಡಿಗರು ಇದರ ಬಿಸಿಯನ್ನು ಉಳಿದವರಿಗಿಂತ ಹೆಚ್ಚಾಗಿಯೇ ಉಂಡರು. ‘ವಿಶ್ವಕನ್ನಡ’ವೆಂಬ ಜಾಲಪತ್ರಿಕೆಯು ಹುಟ್ಟಿದ್ದು 1996ರಲ್ಲಿ. ಆ ದಿನಗಳಲ್ಲಿ ಕನ್ನಡ ಅಕ್ಷರಗಳಿಗೆ ಸರ್ವಸಮ್ಮತವಾದ ಸಂಕೇತವು ಬಳಕೆಯಲ್ಲಿರಲಿಲ್ಲ. ಒಂದೊಂದು ಪತ್ರಿಕೆಗೆ ಒಂದೊಂದು ಅಕ್ಷರಮಾಲೆ. ಅದು ನಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡದ ಬದಲಿಗೆ ತಲೆಗೆ ಟೋಪಿ, ಕಾಲಿಗೆ ಬಾಲವಿರುವ ರೋಮನ್ ಅಕ್ಷರಗಳ ಸಂತೆ ಕಾಣುತ್ತಿದ್ದಿತು. 1997ರಲ್ಲಿ ನೆಟ್‌ಸ್ಕೇಪಿನ 4ನೆಯ ಆವೃತ್ತಿಯೂ ಎಕ್ಸ್‌ಪ್ಲೋರರಿನ 4ನೆಯ ಆವೃತ್ತಿಯೂ ಪುಟದೊಡನೆಯೇ ಅಕ್ಷರವನ್ನು ತರಿಸಿಕೊಳ್ಳುವ ಉಪಾಯವನ್ನು ಕಂಡುಹಿಡಿದುವು. ಆದರೆ ಒಂದಕ್ಕೆ ಸಲ್ಲುವ ಅಕ್ಷರವು ಮತ್ತೊಂದಕ್ಕೆ ಸಲ್ಲದು! ತಾಣವನ್ನು ಕಟ್ಟಿದವನು ಯಾವ ಬ್ರೌಸರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಅದರಲ್ಲಿ ಮಾತ್ರ ಕನ್ನಡ. ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಅಕ್ಷರವು ಮನೆಮನೆಗೆ ಬಂದ ಮೇಲೆಯೇ ಒತ್ತಕ್ಷರಗಳು ಒಂದಿಷ್ಟು ಶಿಸ್ತಿಗೆ ಬಂದದ್ದು.

ಎಕ್ಸ್‌ಪ್ಲೋರರ್ ಗೆದ್ದಿತು. ಗೆದ್ದವನ ತಪ್ಪೂ ಶಾಸ್ತ್ರವಾಗುವುದು ಲೋಕದ ರೀತಿ. ನಿಯಮವೇನೆಂದು ನೋಡದೆ, ಆ ಒಬ್ಬ ವ್ಯಾಖ್ಯಾನಕಾರನ ತಪ್ಪರ್ಥಕ್ಕೆ ಹೊಂದುವಂತೆಯೇ ಸೂತ್ರ ಬರೆಯುವವರು ಹುಟ್ಟಿಕೊಂಡರು. ದಕ್ಷಿಣ ಕೊರಿಯಾದ ಕಥೆ ಇದಕ್ಕೆ ನಿದರ್ಶನ. 1990ರ ದಶಕದ ಅಂತ್ಯದಲ್ಲಿ ಆ ದೇಶದವರು ಬ್ಯಾಂಕಿನ ವ್ಯವಹಾರವನ್ನು ಭದ್ರಪಡಿಸಲು ಸ್ವಂತ ಗೂಢಲಿಪಿಯನ್ನು ರಚಿಸಿ, ಅದನ್ನು ಎಕ್ಸ್‌ಪ್ಲೋರರಿಗೆ ಮಾತ್ರ ತಗಲುವ ಆಕ್ಟಿವ್‌ಎಕ್ಸ್ ಎಂಬ ಜೋಡಣೆಯ ಮೂಲಕ ನಡೆಯಿಸಿದರು. ವಿದ್ಯುನ್ಮಾನದಲ್ಲಿ ಜಗತ್ತಿಗೇ ಮುಂದಿದ್ದ ರಾಷ್ಟ್ರವು ಇಪ್ಪತ್ತು ವರ್ಷ ಒಂದೇ ಬ್ರೌಸರಿನ ಬಾಗಿಲಲ್ಲಿ ಕಟ್ಟುಬಿದ್ದಿತು. ಆ ವ್ಯವಸ್ಥೆಗಿದ್ದ ಕಾನೂನಿನ ವಿಶೇಷ ಮಾನ್ಯತೆಯು ತೀರಿದ್ದು 2020ರ ಡಿಸೆಂಬರಿನಲ್ಲಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ ತಾನೇ 2022ರ ಜೂನ್ 15ರಂದು ನಿವೃತ್ತವಾಯಿತು. ನನ್ನಂತೆ ಪಿಂಚಣಿ ಮಾತ್ರ ಇಲ್ಲ.

ನಮ್ಮ ದೇಶದಲ್ಲಿಯೂ ಒಂದು ತೊಡಕು ನಡೆಯಿತು. ತಾಣವು ನಿಜವಾದದ್ದೆಂದು ಸಾಕ್ಷಿ ಹೇಳುವ ಪ್ರಮಾಣಪತ್ರಗಳಿರುತ್ತವೆ. ವಿಳಾಸದ ಪಕ್ಕದ ಬೀಗದ ಗುರುತು ಅದರದೇ. ಭಾರತ ಸರ್ಕಾರದ ಪ್ರಮಾಣಪತ್ರದ ಮೂಲವನ್ನು ವಿಂಡೋಸ್ ನಂಬಿದ್ದಿತು, ಆದ್ದರಿಂದ ಎಕ್ಸ್‌ಪ್ಲೋರರೂ ಕ್ರೋಮೂ ನಂಬಿದ್ದುವು. ಫೈರ್‌ಫಾಕ್ಸಿನ ನಂಬಿಕೆಯ ಪಟ್ಟಿಯು ಪ್ರತ್ಯೇಕ, ಅದರಲ್ಲಿ ಇದು ಇರಲಿಲ್ಲ. ಒಂದರಲ್ಲಿ ನಿರಾತಂಕವಾಗಿ ತೆರೆದ ತಾಣವು ಇನ್ನೊಂದರಲ್ಲಿ ಎಚ್ಚರಿಕೆಯ ಹಲಗೆ ತೋರಿಸುವುದಕ್ಕೆ ಇಂತಹ ಭೇದವೇ ಸಾಕು. 2014ರ ಜುಲೈ ತಿಂಗಳಿನಲ್ಲಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಅಧಿಕಾರದಿಂದ ಗೂಗಲಿನ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟದ್ದು ಬಯಲಾದ ಮೇಲೆ, ಗೂಗಲ್ ಸಂಸ್ಥೆಯು ಕ್ರೋಮಿನಲ್ಲಿ ಆ ನಂಬಿಕೆಯನ್ನು ಸರ್ಕಾರಿ ಮೊದಲಾದ ಕೆಲವೇ ವಿಳಾಸಗಳಿಗೆ ಸೀಮಿತಗೊಳಿಸುವುದಾಗಿ ಸಾರಿತು. 2023ರಲ್ಲಿ ಕೇಂದ್ರ ಸರ್ಕಾರವು ಸ್ವದೇಶಿ ಬ್ರೌಸರಿಗಾಗಿ ಸ್ಪರ್ಧೆಯನ್ನು ಏರ್ಪಡಿಸಿದಾಗ, ಈ ಭಾರತೀಯ ಮೂಲವನ್ನು ನಂಬತಕ್ಕದ್ದೆಂಬುದೂ ಅದರ ಉದ್ದೇಶಗಳಲ್ಲಿ ಸೇರಿದ್ದಿತು. 2025ರ ಮಾರ್ಚಿನಲ್ಲಿ ಜೋಹೊ ಸಂಸ್ಥೆಯು ಮೊದಲನೆಯ ಬಹುಮಾನವನ್ನು ಪಡೆಯಿತು.

ಇನ್ನು ಆಯ್ಕೆಯ ಮಾತು. ಅಂಗಡಿಯ ಹಲಗೆಗಳು ಅನೇಕವಾದರೂ ಒಳಗಿನ ವ್ಯಾಖ್ಯಾನಕಾರರು ಮೂವರೇ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ಜೋಹೊದವರ ಉಲಾ, ಇವೆಲ್ಲದರ ಒಳಗಿರುವುದು ಬ್ಲಿಂಕ್ ಎಂಬ ಒಂದೇ ಯಂತ್ರ. ಫೈರ್‌ಫಾಕ್ಸಿನದು ಗೆಕ್ಕೊ. ಆಪಲಿನ ಸಫಾರಿಯದು ವೆಬ್‌ಕಿಟ್. ಕ್ರೋಮಿನಲ್ಲಿ ಕೆಲಸವಾಗದಿದ್ದರೆ ಎಡ್ಜಿಗೆ ಹೋಗಿ ನೋಡುವುದು, ಅದೇ ವ್ಯಾಖ್ಯಾನವನ್ನು ಬೇರೆ ರಟ್ಟಿನಲ್ಲಿ ಓದಿದಂತೆ. ಹಳೆಯ ಸಂಗ್ರಹವಾಗಲಿ ಜೋಡಣೆಯಾಗಲಿ ಅಡ್ಡಿಯಾಗಿದ್ದರೆ ಉಪಯೋಗವಾದೀತು, ಅರ್ಥದ ಭೇದವೇ ಅಡ್ಡಿಯಾಗಿದ್ದರೆ ಆಗದು. ಆದಕಾರಣ ಮನೆಯ ಕಂಪ್ಯೂಟರಿನಲ್ಲಿ ಬ್ಲಿಂಕ್ ಜಾತಿಯದೊಂದು, ಫೈರ್‌ಫಾಕ್ಸ್ ಒಂದು, ಎರಡೂ ಇರಲಿ. ಜಗತ್ತಿನ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಜನರು ಕ್ರೋಮನ್ನೇ ಬಳಸುವುದರಿಂದ ತಾಣ ಕಟ್ಟುವವರು ಅದೊಂದರಲ್ಲಿಯೇ ಪರೀಕ್ಷಿಸಿ ಕೈ ತೊಳೆದುಕೊಳ್ಳುತ್ತಾರೆ. ಹೀಗಾಗಿ ಸರ್ಕಾರಿ ಕೆಲಸಕ್ಕೆ ಮೊದಲು ಅದನ್ನೇ ನೋಡುವುದು ಉಚಿತ. ನನ್ನ ಸ್ವಂತ ಓದಿಗೆ ಫೈರ್‌ಫಾಕ್ಸೇ ಪ್ರಿಯ. ಒಬ್ಬನೇ ವ್ಯಾಖ್ಯಾನಕಾರನು ಉಳಿದ ಶಾಸ್ತ್ರದ ಗತಿಯನ್ನು ಎಕ್ಸ್‌ಪ್ಲೋರರಿನ ಕಾಲದಲ್ಲಿ ನೋಡಿದ್ದೇವೆ. ಐಫೋನಿನವರಿಗೆ ಈ ಆಯ್ಕೆಯ ಶ್ರಮವೇ ಇಲ್ಲ. ನಮ್ಮ ದೇಶದಲ್ಲಿ ಅದರ ಮೇಲೆ ಯಾವ ಹೆಸರಿನ ಬ್ರೌಸರನ್ನು ಹಾಕಿದರೂ ಒಳಗೆ ವೆಬ್‌ಕಿಟ್ಟೇ.

ಬ್ರೌಸರನ್ನು ಬದಲಾಯಿಸುವ ಮುನ್ನ ಕೆಲವನ್ನು ಪರಿಶೀಲಿಸಬೇಕು. ನೆರೆಯವರ ಮೊಬೈಲಿನಲ್ಲಿಯೂ ತಾಣ ತೆರೆಯದಿದ್ದರೆ ಕಾಯಿಲೆ ಅತ್ತ ಕಡೆಯದು. ಕಡೆಯ ದಿನದ ನೂಕುನುಗ್ಗಲಿಗೆ ಯಾವ ಬ್ರೌಸರೂ ಔಷಧವಲ್ಲ. ಗಡಿಯಾರವನ್ನು ನೋಡಿರಿ: ಕಂಪ್ಯೂಟರಿನ ತಾರೀಖು ಹಿಂದೆ ಬಿದ್ದಿದ್ದರೆ ಪ್ರಮಾಣಪತ್ರಗಳೆಲ್ಲ ಸುಳ್ಳೆಂದು ಅದು ಹಟ ಹಿಡಿಯುವುದು. ಹಳೆಯ ಯಂತ್ರಗಳ ಒಳಗಿನ ಬ್ಯಾಟರಿ ಸತ್ತಾಗ ಇದು ಸಾಮಾನ್ಯ. ವಿಂಡೋಸ್ 7 ಇರುವ ಯಂತ್ರದಲ್ಲಿ ಕ್ರೋಮಿನ ಬೆಳವಣಿಗೆಯು 2023ರ ಆರಂಭದ 109ನೆಯ ಆವೃತ್ತಿಗೇ ನಿಂತಿದೆ. ಅಲ್ಲಿ ಹೊಸ ತಾಣಗಳು ಮುಗ್ಗರಿಸಿದರೆ ಅಚ್ಚರಿಯಿಲ್ಲ. ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಕೂಡಿ ಒತ್ತಿದರೆ ಕ್ರೋಮಿನಲ್ಲಿ ಖಾಸಗಿ ಕಿಟಕಿ ತೆರೆಯುತ್ತದೆ. ಫೈರ್‌ಫಾಕ್ಸಿನಲ್ಲಿ ಎನ್ ಬದಲಿಗೆ ಪಿ. ಹಳೆಯ ಗುರುತುಗಳ ಹೊರೆಯಿಲ್ಲದ ಆ ಕಿಟಕಿಯಲ್ಲಿ ತಾಣವು ನಡೆದರೆ, ದೋಷವು ಬ್ರೌಸರಿನದಲ್ಲ, ಅದರಲ್ಲಿ ಶೇಖರವಾದ ಕಸದ್ದು. ಎಕ್ಸ್‌ಪ್ಲೋರರಿಗೆಂದೇ ಕಟ್ಟಿದ ಹಳೆಯ ತಾಣಗಳು ಎಲ್ಲಿಯಾದರೂ ಎದುರಾದರೆ, ಎಡ್ಜಿನ ವ್ಯವಸ್ಥೆಗಳಲ್ಲಿ ಎಕ್ಸ್‌ಪ್ಲೋರರಿನ ರೀತಿಯೊಂದನ್ನು ಉಳಿಸಿದ್ದಾರೆ, ಅದನ್ನು ಹುಡುಕಬಹುದು.

ಒಂದು ವಿಷಯದಲ್ಲಿ ನಾನು ಕಠಿನನು. ಬೀಗದ ಎಚ್ಚರಿಕೆ ಬಂದಾಗ ‘ಆದರೂ ಮುಂದುವರಿ’ ಎಂಬುದನ್ನು ಒತ್ತುವ ಅಭ್ಯಾಸವನ್ನು ಸೈಬರ್ ಅಂಗಡಿಯ ಹುಡುಗರು ನಮ್ಮ ಜನಕ್ಕೆ ಕಲಿಸಿಬಿಟ್ಟಿದ್ದಾರೆ. ಹಣದ ವ್ಯವಹಾರವಿರುವಲ್ಲಿ, ಆಧಾರ್ ಸಂಖ್ಯೆ ಕೇಳುವಲ್ಲಿ, ಅದನ್ನು ಖಂಡಿತವಾಗಿ ಒತ್ತಕೂಡದು. ತಾಣ ತೆರೆಯದಿದ್ದಾಗ ಹುಡುಕುಯಂತ್ರದಲ್ಲಿ ಅದರ ಹೆಸರನ್ನು ಬರೆದು, ಮೊದಲು ಕಂಡ ಜಾಹೀರಾತನ್ನು ಒತ್ತುವುದು ಇನ್ನೂ ಕೆಟ್ಟದ್ದು. ಅಸಲಿನಂತೆಯೇ ಕಾಣುವ ನಕಲಿಗಳು ಅಲ್ಲಿಯೇ ಕಾದಿರುತ್ತವೆ. ವಿಳಾಸವನ್ನು ಅಕ್ಷರಶಃ ನೀವೇ ಬರೆಯಿರಿ.

ಆ ರಾತ್ರಿಯ ಕಥೆ ಉಳಿಯಿತು. ಗಡಿಯಾರ ಸರಿಯಿದ್ದಿತು, ಖಾಸಗಿ ಕಿಟಕಿಯಲ್ಲಿಯೂ ಫಲವಿಲ್ಲ. ಕಡೆಗೆ ಫೈರ್‌ಫಾಕ್ಸಿನಲ್ಲಿ ಮೂರನೆಯ ಸಲ ಅರ್ಜಿಯನ್ನು ತುಂಬಿಸಿದೆವು. ಅಷ್ಟರಲ್ಲಿ ನಮ್ಮ ಮನೆಯವರು ಮೂವರಿಗೂ ಅನ್ನ ಬಡಿಸಿ ಆಗಿದ್ದಿತು. ‘ಸಲ್ಲಿಸು’ ಒತ್ತಿದೊಡನೆ ಪುಟದ ನೆತ್ತಿಯ ಮೇಲೆ ಒಂದು ಉದ್ದನೆಯ ಪಟ್ಟಿ ಮೂಡಿತು: ಈ ತಾಣವು ಹೊಸ ಕಿಟಕಿಯೊಂದನ್ನು ತೆರೆಯಲೆತ್ನಿಸಿತು, ನಾನು ತಡೆದಿದ್ದೇನೆ ಎಂಬ ಅರ್ಥದ್ದು. ಜಾಹೀರಾತಿನ ಕಾಟವನ್ನು ತಪ್ಪಿಸಲು ಎಲ್ಲ ಬ್ರೌಸರುಗಳೂ ಹೀಗೆ ತಡೆಯುತ್ತವೆ. ಅರ್ಜಿಯನ್ನು ದೃಢೀಕರಿಸುವ ಕಡೆಯ ಗುಂಡಿಯನ್ನು ತಾಣದವರು ಆ ಚಿಕ್ಕ ಕಿಟಕಿಯೊಳಗೆ ಇಟ್ಟಿದ್ದರು. ಕ್ರೋಮ್ ಸಹ ಅದನ್ನೇ ತಡೆದಿದ್ದಿತು. ಆದರೆ ತಡೆದೆನೆಂಬ ಸಂಗತಿಯನ್ನು ವಿಳಾಸದ ಸಾಲಿನ ಬಲತುದಿಯಲ್ಲಿ ಸಾಸಿವೆಯಷ್ಟು ಗುರುತಿನಿಂದ ಸೂಚಿಸಿದ್ದಿತು. ಕನ್ನಡಕದವನಿಗೆ ಅದು ಕಾಣಲಿಲ್ಲ, ಹುಡುಗಿಗೆ ಅದರ ಅರ್ಥ ತಿಳಿಯದು. ಪಟ್ಟಿಯ ಮೇಲಿದ್ದ ‘ಅನುಮತಿಸು’ ಎಂಬುದನ್ನು ಒತ್ತಿದೆವು. ಕಿಟಕಿ ಬಂದಿತು, ದೃಢೀಕರಿಸಿದೆವು, ಅರ್ಜಿಯ ಸಂಖ್ಯೆ ಬಂದಿತು. ಗಂಟೆ ಒಂಬತ್ತೂಮುಕ್ಕಾಲು. ಹುಡುಗಿಯು ಸಂಖ್ಯೆಯನ್ನು ಅಂಗೈಯ ಮೇಲೆ ಬರೆದುಕೊಂಡು, ಆಮೇಲೆ ನೆನಪಾಗಿ ಕಾಗದವನ್ನು ಕೇಳಿದಳು.

ಅಣ್ಣನು ಹತ್ತಿರ ಬಂದು ಆ ಪಟ್ಟಿಯಿದ್ದ ಜಾಗವನ್ನೇ ನೋಡುತ್ತ, “ಇದೊಂದು ಒತ್ತಿದ್ರೆ ಸಾಕಿತ್ತಾ ಸಾರ್?” ಎಂದನು. ಹೋದ ವರ್ಷ ಅರ್ಜಿ ಹೋಗದೆ ಹಣ ಬರಲಿಲ್ಲ. ಡಿಪ್ಲೊಮಾದ ಎರಡನೆಯ ವರ್ಷದ ಶುಲ್ಕ ಕಟ್ಟಲಾಗದೆ ಅವನು ತಂದೆಯೊಡನೆ ಕುದಿಯುವ ನೀರಿನ ಬಾಣಲೆಯ ಮುಂದೆ ಗೂಡು ಬಿಚ್ಚಲು ಕುಳಿತನಂತೆ. ಬೆರಳುಗಳ ತುದಿಯ ಚರ್ಮವು ಬೆಳ್ಳಗಾಗಿ ಸುಲಿದಿದ್ದಿತು. ಅವನದೂ ಇದೇ ಕಾರಣವೋ ಬೇರೆಯೋ ಎಂದು ಈಗ ಹೇಳಬರುವಂತಿಲ್ಲ. ಹಾಗೆಂದೇ ಅವನಿಗೆ ಉತ್ತರ ಕೊಟ್ಟೆನು. ಅವನು ತಲೆಯಾಡಿಸಿ ಬೈಕನ್ನು ಹೊರಳಿಸಿದನು.

ಮುಂದಿನ ಭಾನುವಾರ ಅವನು ಒಬ್ಬನೇ ಬಂದನು. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದನು. ಕಾಲೇಜಿನಲ್ಲಿ ಮರುಪ್ರವೇಶಕ್ಕೆ ಎಷ್ಟು ವರ್ಷದ ಅಂತರವನ್ನು ಒಪ್ಪುತ್ತಾರೆಂದು ವಿಚಾರಿಸಿ ಇಬ್ಬರೂ ಕೂಡಿ ಒಂದು ಕಾಗದವನ್ನು ಬರೆದಿದ್ದೇವೆ. ಅದನ್ನು ಅಂಚೆಯಲ್ಲಿಯೇ ಹಾಕಿದೆವು.