ಕೆರೆ ಏರಿಯ ತಾರಾಲಯ

2023 ನನಗೆ ಒಳ್ಳೆಯ ವರ್ಷ. ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ, ಶಾಲೆಯ ಟಿ.ವಿ. ಮುಂದೆ ಮಕ್ಕಳಿಗಿಂತ ಜೋರಾಗಿ ಕೂಗಿದವನು ನಾನೇ!

ದಸರಾ ರಜೆಯಲ್ಲಿ ಹೆಂಡತಿ, ಮಗಳೊಂದಿಗೆ ಗದಗಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ಮ್ಯೂಸಿಯಂ, ಮಸಾಲೆ ದೋಸೆ ಎಲ್ಲ ಆಯಿತು. ನೆಹರು ತಾರಾಲಯದಲ್ಲಿ ದೀಪ ಆರಿ ಗುಮ್ಮಟದ ತುಂಬ ಚುಕ್ಕಿ ಮೂಡಿದಾಗ ಮಗಳು ಕಿವಿಯಲ್ಲಿ, “ಅಪ್ಪಾ, ಇವು ನಮ್ಮ ಡಂಬಳದಾಗ ಕಾಣಂಗಿಲ್ಲೇನು?” ಎಂದಳು.

ಉತ್ತರ ಹೊಳೆಯಲಿಲ್ಲ. ಇಪ್ಪತ್ತೆಂಟು ವರ್ಷ ಕರಿಹಲಗೆಯ ಮೇಲೆ ಸೀಮೆಸುಣ್ಣದ ಚುಕ್ಕಿ ಇಟ್ಟು ನಕ್ಷತ್ರಪುಂಜ ಕಲಿಸಿದ್ದೆ. ಒಂದು ರಾತ್ರಿಯೂ ಮಕ್ಕಳನ್ನು ಆಕಾಶದ ಕೆಳಗೆ ನಿಲ್ಲಿಸಿರಲಿಲ್ಲ.

ಡಿಸೆಂಬರ್ 13, ಅಮಾವಾಸ್ಯೆಯ ಮರುದಿನ. ಮಿಥುನ ರಾಶಿಯ ಕಡೆಯಿಂದ ಉಲ್ಕೆ ಸುರಿಯುವ ರಾತ್ರಿ. (ಬಹಳಷ್ಟು ಉಲ್ಕಾವೃಷ್ಟಿಗೆ ಧೂಮಕೇತುವಿನ ಧೂಳು ಕಾರಣ; ಇದಕ್ಕೆ ಮಾತ್ರ ಫೇಥಾನ್ ಎಂಬ ಕ್ಷುದ್ರಗ್ರಹ.) ಕೆರೆ ಏರಿಯ ಮೇಲೆ ಹತ್ತನೆಯ ತರಗತಿಯವರು, ಹಿಂದೆ ಕಂಬಳಿ ಹೊದ್ದ ಪಾಲಕರು. ನಾನು ಕೃತ್ತಿಕೆಯನ್ನು ಹುಡುಕುತ್ತಿದ್ದೆ. ಒಬ್ಬ ಹುಡುಗನ ಅಜ್ಜ, “ಮಾಸ್ತರ, ಅಲ್ಲೈತಿ ನೋಡ್ರಿ” ಎಂದು ಬೆರಳು ತೋರಿಸಿದರು. ಅಷ್ಟರಲ್ಲಿ ಬೆಂಕಿಯ ಗೆರೆಯೊಂದು ಸರ್ರನೆ ಜಾರಿತು.

ಹನ್ನೊಂದು ಗಂಟೆಗೆ ಮಗಳ ಪಟ್ಟಿಯಲ್ಲಿ ನಲವತ್ತೊಂದು ಉಲ್ಕೆ. ಮನೆಗೆ ನಡೆಯಿರಿ ಎಂದರೆ ಒಬ್ಬರೂ ಏಳಲಿಲ್ಲ.