ಐದು ಟನ್ ಎಳೆಯುವ ಪಿಕಪ್, ಒಂದು ಟನ್ ಮನೆ ಹೊರಬಲ್ಲದೇ?

ಪಿಕಪ್ ಗಾಡಿಯ ಹಿಂದೆ, ಸಾಮಾನು ತುಂಬುವ ಜಾಗದಲ್ಲಿ ಪುಟ್ಟದೊಂದು ಮನೆ. ಒಳಗೆ ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ. ಗಂಡ ಹೆಂಡತಿ ಅದರಲ್ಲೇ ತಿಂಗಳುಗಟ್ಟಲೆ ಅಮೆರಿಕ ಸುತ್ತುತ್ತಾರೆ. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅದರ ಜೊತೆ ‘ಐದು ಟನ್ ಎಳೆಯುವ ಗಾಡಿಗೆ ಒಂದು ಟನ್ನಿನ ಮನೆ ಯಾವ ಲೆಕ್ಕ?’ ಎಂಬ ಮಾತೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ನಿಲ್ಲಿ.

ಎಳೆಯುವುದು ಬೇರೆ, ಹೊರುವುದು ಬೇರೆ. ಒಂದು ಟನ್ ಹೇರಿದ ಗಾಡಿಯನ್ನು ಎತ್ತುಗಳು ಎಳೆದುಕೊಂಡು ಹೋಗುತ್ತವೆ. ಅದೇ ಒಂದು ಟನ್ನನ್ನು ಅವುಗಳ ಬೆನ್ನ ಮೇಲೆ ಹೇರಿದರೆ? ಪಿಕಪ್ ಕಥೆಯೂ ಅಷ್ಟೇ. ಹಿಂದೆ ಟ್ರೇಲರ್ ಕಟ್ಟಿದರೆ ಬಹುಪಾಲು ಭಾರ ಟ್ರೇಲರಿನ ಚಕ್ರಗಳ ಮೇಲೇ ಇರುತ್ತದೆ. ಮನೆಯನ್ನು ಬೆನ್ನ ಮೇಲೆ ಕೂರಿಸಿದರೆ ಪೂರ್ತಿ ಭಾರ ಪಿಕಪ್ಪಿನದೇ ಟೈರು, ಸ್ಪ್ರಿಂಗು, ಆ್ಯಕ್ಸಲ್ಲು, ಬ್ರೇಕುಗಳ ಮೇಲೆ ಬೀಳುತ್ತದೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಎಳೆಯುವ ಅಂಕಿ. ನಮಗೆ ಬೇಕಾದ್ದು ಪೇಲೋಡ್, ಅಂದರೆ ಹೊರುವ ಅಂಕಿ.

ಅದನ್ನು ಹುಡುಕಲು ಷೋರೂಮಿನವರ ಮಾತು ಬೇಕಿಲ್ಲ. ಅಮೆರಿಕದಲ್ಲಿ ಮಾರುವ ಸಾಮಾನ್ಯ ಪಿಕಪ್‌ಗಳಲ್ಲಿ ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಕೂತವರು ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದು ಆ ಒಂದು ಗಾಡಿಯ ಅಂಕಿ, ಆ ಮಾಡೆಲ್‌ನ ಎಲ್ಲ ಗಾಡಿಗಳದ್ದಲ್ಲ. ಚರ್ಮದ ಸೀಟು, ಸನ್‌ರೂಫ್, ನಾಲ್ಕು ಬಾಗಿಲ ಕ್ಯಾಬಿನ್, ಫೋರ್ ವೀಲ್ ಡ್ರೈವ್ ಸೇರಿದಷ್ಟೂ ಗಾಡಿಯೇ ಭಾರವಾಗಿ, ಹೊರುವ ಶಕ್ತಿ ಇಳಿಯುತ್ತದೆ. ದುಬಾರಿ ಗಾಡಿ ಹೆಚ್ಚು ಹೊರುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗು.

ಡೀಸೆಲ್ ವಿಷಯವೂ ಹಾಗೇ. ಫೋರ್ಡ್ ಎಫ್-250, ರ್‍ಯಾಮ್ 2500 ತರಹದ ಹಲವು ಗಾಡಿಗಳಿಗೆ ಒಟ್ಟು ತೂಕದ ಮಿತಿ 10,000 ಪೌಂಡ್, ಸುಮಾರು 4,536 ಕಿಲೊ. ಮಿತಿ ಅಷ್ಟೇ ಇರುವಾಗ ಪೆಟ್ರೋಲ್‌ಗಿಂತ ಬಲು ಭಾರದ ಡೀಸೆಲ್ ಎಂಜಿನ್ ಕೂರಿಸಿದರೆ, ಎಂಜಿನ್ ತಿಂದ ತೂಕ ನಮ್ಮ ಸಾಮಾನಿನ ಪಾಲಿನಿಂದಲೇ ಹೋಗುತ್ತದೆ. ಎಳೆಯಲು ಡೀಸೆಲ್ ಸೊಗಸು, ಒಪ್ಪೋಣ. ಹೊರಲು ಅದೇ ಗಾಡಿಯ ಪೆಟ್ರೋಲ್ ಮಾದರಿ ಎಷ್ಟೋ ಸಲ ವಾಸಿ. ‘ಹಾಫ್ ಟನ್’, ‘ಒನ್ ಟನ್’ ಎಂಬ ಹೆಸರುಗಳನ್ನಂತೂ ಅಂಕಿಯೆಂದು ನಂಬಬೇಡಿ. ಅವು ಹಳೆಯ ಕಾಲದಿಂದ ಉಳಿದ ದರ್ಜೆಯ ಹೆಸರುಗಳಷ್ಟೇ.

ಈಗ ಲೆಕ್ಕ ಹಾಕೋಣ. ಚೀಟಿಯಲ್ಲಿ 700 ಕಿಲೊ ಇದೆ ಎಂದುಕೊಳ್ಳಿ. ಕ್ಯಾಂಪರ್ ಮಾರುವವರು ‘ಒಣ ತೂಕ 590 ಕಿಲೊ’ ಎನ್ನುತ್ತಾರೆ. ಇನ್ನೂ 110 ಉಳಿಯಿತಲ್ಲ ಎನಿಸುತ್ತದೆ. ಆದರೆ ಒಣ ತೂಕವೆಂದರೆ ಖಾಲಿ ಡಬ್ಬಿಯ ತೂಕ. ಎ.ಸಿ., ಬ್ಯಾಟರಿ, ಸೋಲಾರ್ ಫಲಕದಂಥವು ಎಷ್ಟೋ ಸಲ ಅದರಲ್ಲಿ ಸೇರಿರುವುದಿಲ್ಲ. 100 ಲೀಟರ್ ನೀರು ತುಂಬಿಸಿದರೆ 100 ಕಿಲೊ. ಇಬ್ಬರು ಹತ್ತಿದರೆ 140. ಗ್ಯಾಸ್, ಬ್ಯಾಟರಿ, ಪಾತ್ರೆ, ಅಕ್ಕಿಬೇಳೆ, ಬಟ್ಟೆ, ಹೊದಿಕೆಗೆ ಇನ್ನೊಂದು 120. ಒಟ್ಟು 950. ಮನೆಯಂಗಳದಿಂದ ಹೊರಡುವ ಮೊದಲೇ 250 ಕಿಲೊ ಮಿತಿ ದಾಟಿತು!

ದಾಟಿದರೆ ಏನಾಗುತ್ತದೆ? ಸಮತಟ್ಟಾದ ರಸ್ತೆಯಲ್ಲಿ ಹೆಚ್ಚೇನೂ ಗೊತ್ತಾಗದು, ಮೋಸ ಇರುವುದೇ ಅಲ್ಲಿ. ಘಾಟಿ ಇಳಿಯುವಾಗ ಬ್ರೇಕ್ ಕಾಯುತ್ತದೆ, ಕಾದಷ್ಟೂ ಹಿಡಿತ ಸಡಿಲವಾಗುತ್ತದೆ. ಬಿಸಿಲಲ್ಲಿ ಗಂಟೆಗಟ್ಟಲೆ ಓಡಿದ ಟೈರು ಒಡೆಯಬಹುದು. ಮನೆ ಎತ್ತರದ್ದಾದ್ದರಿಂದ ತಿರುವಿನಲ್ಲಿ, ಅಡ್ಡಗಾಳಿಯಲ್ಲಿ ಗಾಡಿ ವಾಲುತ್ತದೆ.

‘ಏರ್ ಸ್ಪ್ರಿಂಗ್ ಹಾಕಿಸಿದರೆ ಆಯ್ತು’ ಎನ್ನುವವರಿದ್ದಾರೆ. ಕುಸಿದ ಹಿಂಭಾಗ ಮೇಲೇಳುತ್ತದೆ, ನಿಜ. ಆದರೆ ಬ್ರೇಕು, ಆ್ಯಕ್ಸಲ್ಲು ಹಳೆಯವೇ. ಚೀಟಿಯ ಅಂಕಿ ಒಂದು ಕಿಲೊ ಕೂಡ ಏರುವುದಿಲ್ಲ.

ತೂಕ ಸರಿಯಿದ್ದರೂ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯ. ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಬಿಡಿಸಿ ಹೇಳಬೇಕಿಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ. ಪಿಕಪ್ಪಿನಲ್ಲಿ ಹಾಗಾದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಹಾಗಾಗಿ ಕ್ಯಾಂಪರಿನ ಭಾರಕೇಂದ್ರ ಹಿಂದಿನ ಆ್ಯಕ್ಸಲ್‌ಗಿಂತ ತುಸು ಮುಂದೆ ಬೀಳಬೇಕು. ಎಂಟು ಅಡಿ ಬೆಡ್‌ಗೆ ಮಾಡಿದ ಮನೆಯನ್ನು ಐದೂವರೆ ಅಡಿ ಬೆಡ್‌ಗೆ ಕೂರಿಸಿದರೆ ಕೆಡುವುದು ಇದೇ ಲೆಕ್ಕ.

ಅಂದರೆ ಮೊದಲು ಮನೆ ಆರಿಸಿ, ಸಾಮಾನು ಸಮೇತ ಅದರ ತೂಕ ಕಟ್ಟಿ, ಆಮೇಲೆ ಅದನ್ನು ಹೊರುವ ಪಿಕಪ್ ಹುಡುಕುವುದು ಸರಿಯಾದ ಕ್ರಮ. ಬಹಳ ಜನ ಮಾಡುವುದು ಇದರ ಉಲ್ಟಾ.

ನಮ್ಮೂರಿನಲ್ಲಿ ಸಾಧ್ಯವೇ? ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಇಲ್ಲೂ ಸಿಗುತ್ತವೆ. (ಬೊಲೆರೊ ಕ್ಯಾಂಪರ್ ಹೆಸರಿಗಷ್ಟೇ ಕ್ಯಾಂಪರ್. ಅದು ಡಬಲ್ ಕ್ಯಾಬಿನ್ ಪಿಕಪ್, ಮನೆಗಿನೆ ಇಲ್ಲ.) ಇಲ್ಲಿ ನೋಡಬೇಕಾದ್ದು ಆರ್‌ಸಿ: ಅದರಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಉಳಿಯುವುದೇ ಹೊರುವ ಮಿತಿ. ಆರ್‌ಸಿಯ ವಿವರಗಳು ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಗಾಡಿ ಓಡುವಾಗ ಹಿಂದಿನ ಮನೆಯಲ್ಲಿ ಮಕ್ಕಳನ್ನು ಮಲಗಿಸುವ ಯೋಚನೆ ಅಂತೂ ಬೇಡ.

ಇಷ್ಟಾದ ಮೇಲೂ ಅನುಮಾನವಿದ್ದರೆ ನೀರು ತುಂಬಿಸಿ, ಎಲ್ಲರೂ ಹತ್ತಿ ಕೂತು, ಕಬ್ಬು, ಮರಳು ತೂಗುವ ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ. ಒಮ್ಮೆ ಇಡೀ ಗಾಡಿ, ಇನ್ನೊಮ್ಮೆ ಹಿಂದಿನ ಚಕ್ರ ಮಾತ್ರ ತೂಗಿಸಿ. ಆ ಎರಡು ಚೀಟಿಗಳನ್ನು ಗಾಡಿಯ ಕಾಗದದ ಪಕ್ಕ ಇಟ್ಟು ನೋಡಿದರೆ ಸಾಕು.